ಹರೀಶನ ಕೈಗೊಗ್ಗಿದ ಹಲಗೆ

ಭಾನುವಾರ, ಬೆಳಗಿನ ಆರು ಗಂಟೆ. ರಾಮಕೃಷ್ಣನಗರದ ಮನೆಯ ಜಗುಲಿಯಲ್ಲಿ ಪ್ರೇಮಲೀಲಮ್ಮ ಮೊರದ ಮುಂದೆ ಕೂತಿದ್ದಾರೆ. ಮೊರದಲ್ಲಿರುವುದು ಅಕ್ಕಿಯಲ್ಲ, ಬಿಚ್ಚಿದ ಜಾಯ್‌ಸ್ಟಿಕ್. ಸಣ್ಣ ಸ್ಕ್ರೂ ಉರುಳಿ ಹೋಗಬಾರದಲ್ಲ. ತಾಮ್ರದ ಗೆರೆಗೆ ಹಿಡಿದ ಕಿಲುಬನ್ನು ಚಿಟಿಕೆ ವಿಭೂತಿಯಿಂದ ಉಜ್ಜುತ್ತಾರೆ. "ಶಿವ ಬೇಜಾರು ಮಾಡ್ಕೊಳಲ್ಲ ಬುಡಿ. ಮೈಗೆ ಬಳ್ಕೊಂಡು ಮಿಕ್ಕಿದ್ದು ತಾನೆ?" ಎಂದು ನನ್ನತ್ತ ನೋಡಿ ನಗುತ್ತಾರೆ.

ಓದಿದ್ದು ನಾಲ್ಕನೇ ಕ್ಲಾಸು. ರೇಡಿಯೊ ರಿಪೇರಿ ಮಾಡುತ್ತಿದ್ದ ಗಂಡ ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ ತೀರಿಕೊಂಡರು. ನೋಡಿ ಕಲಿತ ಬೆಸುಗೆಯೇ ಅನ್ನವಾಯಿತು. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮಿನ ಅಂಗಡಿಗಳು ಬೀದಿಗೊಂದು ಎದ್ದ ಕಾಲವದು. ದಸರಾ ರಜೆಯಲ್ಲಿ ರಿಪೇರಿಗೆ ದಿನಕ್ಕೆ ಮೂವತ್ತು ಜಾಯ್‌ಸ್ಟಿಕ್ ಬಂದದ್ದೂ ಉಂಟು. ಸವೆದ ಗುಂಡಿಯ ಕೆಳಗೆ ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಕೂರಿಸುತ್ತಿದ್ದರು.

ಹೋದ ವರ್ಷ, ಎರಡು ಸಾವಿರದ ಎರಡರಲ್ಲಿ, ಅಶೋಕಪುರಂನ ಗೇಮಿನಂಗಡಿಯ ಮಹದೇವಪ್ರಸಾದ್ ಟಿವಿಗಳನ್ನು ತೆಗೆದು ಐದು ಕಂಪ್ಯೂಟರ್ ಇಟ್ಟರು. ಹಳೆಯದನ್ನು ಮೂಟೆ ಕಟ್ಟಿ ಇವರ ಮುಂದಿಟ್ಟರು. "ಇನ್ನೇನಿದ್ರೂ ಕೀಬೋರ್ಡು ಕಣಮ್ಮ. ಇವ್ನ ಗುಜರಿಗೆ ಹಾಕ್ಬುಡಿ."

ಪ್ರೇಮಲೀಲಮ್ಮ ಕೀಬೋರ್ಡಿನ ರಿಪೇರಿಯನ್ನೂ ಕಲಿತರು. ಕಷ್ಟಕ್ಕೆ ಸಿಕ್ಕವನು ಹರೀಶ. ಮೂವತ್ತು ವರ್ಷದ ಇವನ ಬಲಗೈಯ ನಾಲ್ಕು ಬೆರಳು ಕಾರ್ಖಾನೆಯ ಯಂತ್ರಕ್ಕೆ ಹೋಗಿವೆ. ಜಾಯ್‌ಸ್ಟಿಕ್ಕನ್ನು ತೊಡೆಯ ಮೇಲಿಟ್ಟು ಕಾರು ಓಡಿಸಿದರೆ ಅವನನ್ನು ಹಿಂದೆ ಹಾಕಿದವರಿರಲಿಲ್ಲ. ಕೀಬೋರ್ಡಿನ ಮೇಲೆ ಆ ಕೈ ಇಟ್ಟರೆ ನಾಲ್ಕು ಕೀ ಒಟ್ಟಿಗೇ ಒತ್ತುತ್ತವೆ. ದಿನಾ ಅಂಗಡಿಗೆ ಬರುತ್ತಿದ್ದ, ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಹೋಗುತ್ತಿದ್ದ. "ಆಡೋ" ಎಂದು ಪ್ರೇಮಲೀಲಮ್ಮ ಅಂದರೆ, "ನನ್ ಆಟ ಟಿವಿ ಜೊತೆಗೇ ಹೋಯ್ತು ಕಣಮ್ಮ."

ಆ ಮಾತು ಕೇಳಿ ಪ್ರೇಮಲೀಲಮ್ಮ ಗುಜರಿಗೆ ಹಾಕದೆ ಇಟ್ಟಿದ್ದ ಮೂಟೆ ಬಿಚ್ಚಿದರು. ಪ್ರಿಂಟರ್ ಸಿಕ್ಕಿಸುವ ಸಾಕೆಟ್ಟಿಗೆ ಹಳೇ ಜಾಯ್‌ಸ್ಟಿಕ್ಕಿನ ಐದು ತಂತಿ ಸೇರಿಸಬಹುದೆಂದು ಕಂಪ್ಯೂಟರ್ ರಿಪೇರಿಯವರಿಂದ ಕೇಳಿ ತಿಳಿದರು. ಬೇಕಾದ ಪ್ರೋಗ್ರಾಮನ್ನು ಮಹದೇವಪ್ರಸಾದ್ ಹಾಕಿಕೊಟ್ಟರು. ಗುಂಡಿಗಳನ್ನು ಅಗಲವಾದ ಹಲಗೆಯ ಮೇಲೆ ದೂರದೂರ ಕೂರಿಸಿದ್ದಾಯಿತು. ಮೊದಲ ಸಲ ಎಡಕ್ಕೆ ಒತ್ತಿದರೆ ಕಾರು ಬಲಕ್ಕೆ! "ಬೆಟ್ಟ ಇಳಿಯೋಕೆ ಹೋದ್ರೆ ಹತ್ತಿಸ್ತದಲ್ಲಮ್ಮ ನಿಮ್ ಗಾಡಿ!" ಎಂದು ಮಹದೇವಪ್ರಸಾದ್ ನಕ್ಕರು. ಹನ್ನೊಂದು ದಿನ ಬಿಚ್ಚಿ, ಬೆಸೆದು, ಮತ್ತೆ ಬಿಚ್ಚಿದ್ದಾರೆ; ಇವತ್ತು ಬೆಳಿಗ್ಗೆ ಮೊರದಲ್ಲಿದ್ದದ್ದೂ ಅದೇ.

ಒಂಬತ್ತು ಗಂಟೆಗೆ ಅಂಗಡಿಯಲ್ಲಿ ಹಲಗೆ ಹರೀಶನ ತೊಡೆಯೇರುತ್ತದೆ. ಕಾರು ಎರಡು ಸಲ ಗೋಡೆಗೆ ಗುದ್ದುತ್ತದೆ. ಮೂರನೆಯ ತಿರುವಿನಲ್ಲಿ ಮೊಂಡುಗೈ ಗುಂಡಿಯ ಮೇಲೆ ಬಲವಾಗಿ ಕೂರುತ್ತದೆ, ಕಾರು ಹೊರಳಿ ದಾರಿ ಹಿಡಿಯುತ್ತದೆ. ಆದರೂ ಆಟ ಮುಗಿದಾಗ ಒಂದು ಸುತ್ತು ಹಿಂದೆ.

"ಸೋತ್ಯಲ್ಲೋ!" ಮಹದೇವಪ್ರಸಾದ್ ಕೆಣಕುತ್ತಾರೆ.

"ಮಾತಾಡ್ಬೇಡಿ, ಇನ್ನೊಂದ್ ಆಟ ಹಾಕ್ರಿ." ಹರೀಶ ಪರದೆಯಿಂದ ಕಣ್ಣು ಕೀಳುವುದಿಲ್ಲ.

ಬಾಗಿಲಲ್ಲಿ ನಿಂತ ಪ್ರೇಮಲೀಲಮ್ಮನವರನ್ನು ಕೇಳುತ್ತೇನೆ, ಸೋತನಲ್ಲ ಎಂದು.

"ಸೋಲ್ಲಿ ಬುಡಿ. ಗೆಲ್ಲೋದು ಅವನ ಕೆಲ್ಸ. ಒತ್ತಿದ್ರೆ ಗಾಡಿ ತಿರುಗ್ಬೇಕು, ಅದು ನನ್ ಕೆಲ್ಸ. ತಿರುಗ್ತು ಕಣ್ರೀ."