ಕಡೇ ಗದ್ದೆಗೆ ಬಿಟ್ಟ ನೀರು

ಪಾಂಡವಪುರದ ಅಂಚಿನಲ್ಲಿ ನಾನು ಮನೆ ಕಟ್ಟಿದ್ದು ಭತ್ತದ ಗದ್ದೆಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಶ್ರೀರಂಗಪಟ್ಟಣದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ, ದಿನಾ ಬಸ್ಸಿನಲ್ಲಿ ಓಡಾಟ. ಗದ್ದೆಗೆ ಮಣ್ಣು ಹೊಡೆಸಿ, ಗುರುತಿನ ಕಲ್ಲು ನೆಟ್ಟು, ಅದಕ್ಕೆ ಎಂಥದ್ದೋ ನಗರ ಅಂತ ಬೋರ್ಡು ಹಾಕಿದ್ದರು. ಚಿನಕುರಳಿ ಕಡೆಯಿಂದ ಕಲ್ಲಿನ ಲಾರಿಗಳು ಬಂದದ್ದೇ ಬಂದದ್ದು. ನೋಡನೋಡುತ್ತ ಮೂವತ್ತು ಮನೆ ಎದ್ದವು. ಎಲ್ಲಕ್ಕೂ ಮುಂದುಗಡೆ ಗೇಟು, ಮೊಸಾಯಿಕ್ ನೆಲ, ಗುಲಾಬಿ ಬಣ್ಣ. ಹಿಂದುಗಡೆ ಹೋಗಿ ನೋಡಿದರೆ ನಮ್ಮ ಯೋಗ್ಯತೆ ಗೊತ್ತಾಗುತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು.

ಗದ್ದೆ ನೆಲದಲ್ಲಿ ಕಕ್ಕಸಿನ ಗುಂಡಿ ನಿಲ್ಲುವುದಿಲ್ಲ. ಮೂರಡಿ ತೋಡಿದರೆ ನೀರು ಬರುತ್ತದೆ. ಚರಂಡಿ ಆಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು, ಆಗಲಿಲ್ಲ. ನಮ್ಮ ಮನೆ ಕಟ್ಟಿದ ಮೇಸ್ತ್ರಿ ಹಿತ್ತಲಿನ ಕಾಲುವೆ ತೋರಿಸಿ, ಎಲ್ಲರೂ ಇದಕ್ಕೇ ಪೈಪು ಬಿಟ್ಟಿದ್ದಾರೆ, ಹರಿದು ಹೋಗುತ್ತೆ ಮೇಷ್ಟ್ರೇ ಅಂದ. ನಾಲೆಯಿಂದ ಗದ್ದೆಗಳಿಗೆ ನೀರು ತರುತ್ತಿದ್ದ ಹಳೆಯ ಕಾಲುವೆ ಅದು. ಬೇಸಿಗೆಯಾದ್ದರಿಂದ ಒಣಗಿ ಬಿದ್ದಿತ್ತು. ಗದ್ದೆಗೆ ನೀರು ಕಟ್ಟಿಯೇ ಬೆಳೆದ ಜನ ನಾವು. ಯಾವ ಕಾಲುವೆ ಯಾರ ಗದ್ದೆಗೆ ಹೋಗುತ್ತದೆ ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದೆವು. ಆದರೂ ಸೈಟು ಅಂತ ಹೆಸರು ಬಿದ್ದ ಕೂಡಲೇ ಗದ್ದೆಯೂ ಮುಗಿಯಿತು, ಕಾಲುವೆಯೂ ಮುಗಿಯಿತು ಅಂದುಕೊಂಡೆವು. ನಾನೂ ತಲೆಯಾಡಿಸಿದೆ.

ಗದ್ದೆ ಮುಗಿದಿರಲಿಲ್ಲ. ಬಡಾವಣೆಯ ಕೆಳಗೆ, ಕಾಲುವೆಯ ಕೊನೆಗೆ, ನನ್ನ ದೊಡ್ಡವ್ವನ ಅರ್ಧ ಎಕರೆ ಉಳಿದಿತ್ತು. ಗಂಡ ಹೋದ ಮೇಲೆ ಅವಳಿಗಿದ್ದದ್ದು ಅದೊಂದೇ. ಸೈಟು ಮಾಡೋಣ ಅಂತ ಬಂದವರನ್ನು ಬದುವಿನಿಂದಲೇ ವಾಪಸ್ಸು ಕಳಿಸಿದ್ದಳು.

ಬೇಸಿಗೆಯೆಲ್ಲ ಮೂವತ್ತು ಮನೆಯ ಹೊಲಸು ಆ ಕಾಲುವೆಯಲ್ಲೇ ಬಿದ್ದು ಕೊಳೆಯಿತು. ಹಂದಿಗಳು ಅದರಲ್ಲಿ ಹೊರಳಾಡಿ ನಮ್ಮ ಗುಲಾಬಿ ಗೋಡೆಗಳಿಗೆ ಮೈ ಉಜ್ಜಿದವು. ನಾವು ಕಿಟಕಿ ಹಾಕಿಕೊಂಡು ಉಣ್ಣುತ್ತಿದ್ದೆವು. ಮಳೆಗಾಲದಲ್ಲಿ ನಾಲೆಗೆ ನೀರು ಬಿಟ್ಟರು, ನೀರು ಅಷ್ಟನ್ನೂ ಕೊಚ್ಚಿಕೊಂಡು ಕೆಳಗೆ ಹೋಯಿತು. ಅಂತೂ ನಾತ ತೊಲಗಿತು ಅಂತ ನನ್ನ ಹೆಂಡತಿ ಕಿಟಕಿ ತೆಗೆದಳು. ಬೀದಿಯವರೆಲ್ಲ ಹಬ್ಬ ಬಂದ ಹಾಗೆ ಖುಷಿಪಟ್ಟರು.

ತಿಂಗಳು ಕಳೆಯುವಷ್ಟರಲ್ಲಿ ದೊಡ್ಡವ್ವನ ನಾಟಿ ಬಂತು. ಉಳುವವನು ಮೂಗಿಗೆ ಟವಲು ಕಟ್ಟಿಕೊಂಡು ಉತ್ತು ಹೋಗಿದ್ದನಂತೆ. ನಾಟಿಗೆ ನಮ್ಮಲ್ಲಿ ಮುಯ್ಯಾಳು ಪದ್ಧತಿ: ನಿನ್ನ ಗದ್ದೆಗೆ ನಾನು ಬಂದರೆ ನನ್ನ ಗದ್ದೆಗೆ ನೀನು ಬರಬೇಕು. ಮುಯ್ಯಿ ತೀರಿಸದವಳ ಮಾತಿಗೆ ಊರಲ್ಲಿ ಬೆಲೆಯಿಲ್ಲ. ಎಂಟು ಹೆಂಗಸರು ಬಂದಿದ್ದರು. ಭಾನುವಾರವಾದ್ದರಿಂದ ನಾನೂ ಮುದ್ದೆ, ಉಪ್ಸಾರಿನ ಕುಕ್ಕೆ ಹೊತ್ತುಕೊಂಡು ಹೋದೆ. ಪೈರು ಕಿತ್ತು ಕಂತೆ ಕಟ್ಟಿ ಬದುವಿನ ಮೇಲಿಟ್ಟಾಗಿತ್ತು. ಕಿತ್ತ ಪೈರು ಯಾರಿಗೂ ಕಾಯುವುದಿಲ್ಲ. ಆದರೂ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಬದುವಿನ ಮೇಲೇ ನಿಂತಿದ್ದರು. ಗದ್ದೆಯ ನೀರಿನ ಮೇಲೆ ಕಪ್ಪು ಕೆನೆ, ಅದರ ಮೇಲೆ ನೊಣ. ತೇಲುತ್ತಿದ್ದದ್ದನ್ನು ಬರೆಯಲು ಕೈ ಬರುವುದಿಲ್ಲ, ಬರೆಯದಿದ್ದರೆ ಸುಳ್ಳಾಗುತ್ತದೆ: ನಮ್ಮ ಮಲ, ನಮ್ಮ ಮಕ್ಕಳ ಮಲ, ನಮ್ಮ ಹೆಂಗಸರ ಮುಟ್ಟಿನ ಬಟ್ಟೆ.

ನಾಟಿಯವರಲ್ಲಿ ಹಿರಿಯಳು ಮುಖ ತಗ್ಗಿಸಿಕೊಂಡೇ ಮಾತಾಡಿದಳು. “ಮುಯ್ಯಿ ತಪ್ಪಿಸ್ಬೇಕು ಅಂತಲ್ಲ ಕಣಕ್ಕ. ಇದ್ರೊಳೀಕೆ ಕಾಲಿಕ್ಕಕ್ಕಾಗಲ್ಲ.”

ದೊಡ್ಡವ್ವ ನನ್ನ ಕಡೆ ತಿರುಗಿದಳು. “ನೀನು ಓದಿರೋನು. ಆ ಮನೆಯೋರ್ಗೆಲ್ಲ ಓಗಿ ಏಳ್ಲಾ.”

ಹೂಂ ಅಂದು ಜಾರಿಕೊಳ್ಳಬಹುದಿತ್ತು. ಹಾಗೆ ಮಾಡುವ ಮನಸ್ಸೂ ಬಂತು. ಆದರೆ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು.

“ನಮ್ಮನೇದೂ ಇದ್ಕೇ ಬುಟ್ಟಿವ್ನಿ, ದೊಡ್ಡವ್ವ.”

ಬೈಯುತ್ತಾಳೆ ಅಂದುಕೊಂಡೆ. ಅವಳು ಒಂದು ಕಂತೆ ಎತ್ತಿಕೊಂಡು ತಾನೇ ಇಳಿದಳು. ಮೀನಖಂಡದವರೆಗೆ ಆ ಕಪ್ಪಿನಲ್ಲಿ ನಿಂತು, ಬಗ್ಗಿ, ನಾಲ್ಕು ಗುತ್ತಿ ನೆಟ್ಟಳು. ನಾನು ಚಪ್ಪಲಿ ಬಿಟ್ಟೆ, ಪ್ಯಾಂಟು ಮಡಿಸಿದೆ, ಬದುವಿನ ಅಂಚಿಗೆ ಬಂದೆ. ನಾನು ಕಳಿಸಿದ ಹೊಲಸಿಗೆ ನಾನೇ ಕಾಲಿಡಲಾರದೆ ಹೋದೆ.

ಅಷ್ಟರಲ್ಲಿ ಅವಳು ನೆಟ್ಟಿದ್ದ ನಾಲ್ಕು ಗುತ್ತಿಯನ್ನೂ ಕಿತ್ತು ಮೇಲೆ ಬಂದಳು. “ಇದ್ರಲ್ಲಿ ಬೆಳ್ದು ಯಾರ್ ಬಾಯ್ಗಿಕ್ಲಿ? ಓಗ್ರವ್ವ, ನಿಮ್ ಮುಯ್ಯಿ ತೀರ್ತು.”

ಪೈರಿನ ಕಂತೆಗಳನ್ನು ಅವರವರ ಗದ್ದೆಗೆ ಹಾಕಿಕೊಳ್ಳಿ ಅಂತ ಹಂಚಿಬಿಟ್ಟಳು. ಅವರು ಬೇಡ ಅನ್ನಲೂ ಆಗದೆ ಎತ್ತಿಕೊಂಡು ಹೋದರು. ಕುಕ್ಕೆಯ ಮುದ್ದೆಯನ್ನು ಯಾರೂ ಮುಟ್ಟಲಿಲ್ಲ. ಪ್ರತಿ ಸುಗ್ಗಿಗೂ ನನ್ನ ಮನೆಗೆ ಒಂದು ಮೂಟೆ ಅಕ್ಕಿ ಕಳಿಸುತ್ತಿದ್ದವಳು, “ಈ ವರ್ಸ ಅಂಗ್ಡೀಲಿ ತಕೊಂಬುಡು ಮಗ,” ಅಂದಳು.

ಮನೆಗೆ ಬಂದು ಪೈಪು ಕೀಳಿಸುತ್ತೇನೆ ಅಂತ ಕೂಗಾಡಿದೆ. ಕಿತ್ತು ಎಲ್ಲಿಗೆ ಬಿಡುತ್ತೀರಿ ಅಂತ ಹೆಂಡತಿ ಕೇಳಿದಳು. ಮಾರನೆಯ ಬೆಳಿಗ್ಗೆ ಎಂದಿನಂತೆ ಕಕ್ಕಸಿಗೆ ಹೋಗಿ, ಒಂದು ಬಕೆಟ್ ನೀರು ಸುರಿದು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟೆ.