ಹಾಳೆ ನೋಡದೆ ಜೋಡಿಸಿದ ಮೇಜು

ಡ್ರಾಯರ್ ಇಲ್ಲದ ಮೇಜನ್ನು ನೀವು ನೋಡಿರುತ್ತೀರಿ. ಡ್ರಾಯರ್ ಜಾರುವ ಕಂಬಿ ಹೊರಮೈಯಲ್ಲಿರುವ ಮೇಜು ನೋಡಿದ್ದೀರಾ? ಇಲ್ಲವಾದರೆ ಶಿವಮೊಗ್ಗದ ಹೊಸಮನೆ ಬಡಾವಣೆಗೆ, ನಮ್ಮ ಮನೆಗೆ ಬನ್ನಿ. ಕಾಫಿಯನ್ನೂ ಕೊಡುತ್ತೇನೆ.

ಹದಿನಾರು ವರ್ಷದಿಂದ ಈ ಅಂಕಣವನ್ನು ಊಟದ ಟೇಬಲ್ ಮೇಲೆ ಬರೆಯುತ್ತಿದ್ದೇನೆ. ಹುಳಿ ಪಾತ್ರೆ ಸರಿಸಿ, ಒರೆಸಿ, ನಾಲ್ಕು ಸಾಲು ಬರೆಯುವಷ್ಟರಲ್ಲಿ ಯಾರಾದರೂ ತಟ್ಟೆ ಹಿಡಿದು ಬರುತ್ತಾರೆ. ಸಾಕಾಗಿಹೋಗಿತ್ತು. ಈ ಸಲ ನನಗೇ ಅಂತ ಒಂದು ಬರೆಯುವ ಮೇಜು ಆನ್‌ಲೈನ್‌ನಲ್ಲಿ ತರಿಸಿದೆ. ಬಂದದ್ದು ಚಪ್ಪಟೆ ಡಬ್ಬ. ಒಳಗೆ ಹಲಗೆಗಳು, ಒಂದು ಪೊಟ್ಟಣ ಸ್ಕ್ರೂ, ಎಂಟು ಪುಟದ ಹಾಳೆ.

ನಾನು ಹಾಳೆ ಬಿಡಿಸಿದೆ. ಯಜಮಾನರು ಅದನ್ನು ಕಿತ್ತುಕೊಂಡು ಫ್ರಿಜ್ ಮೇಲಿಟ್ಟರು. ಅದೆಲ್ಲ ಕೆಲಸ ಗೊತ್ತಿಲ್ಲದವರಿಗಂತೆ! ಭದ್ರಾವತಿಯ ಜನ್ನಾಪುರಕ್ಕೆ, ತಮ್ಮನಿಗೆ, ಫೋನ್ ಹೋಯಿತು. ನನ್ನ ಮೈದುನ ರುದ್ರೇಶ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು. ಹತ್ತೂವರೆ ಬಸ್ಸಿಗೆ ಬಂದಿಳಿದ. ಚೀಲದ ತುಂಬ ಸ್ಪ್ಯಾನರ್, ಒಂದೊಂದೂ ನನ್ನ ಮೊಳದುದ್ದ.

ಹಾಳೆಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹೇಳಿದ್ದರು: ಎಲ್ಲ ಹಲಗೆ ಕೂರುವ ತನಕ ಯಾವ ಸ್ಕ್ರೂವನ್ನೂ ಪೂರ್ತಿ ಬಿಗಿ ಮಾಡಬೇಡಿ. ಫ್ರಿಜ್ ಮೇಲಿಂದ ತೆಗೆದು ಅದನ್ನು ಓದಿ ಹೇಳಿದೆ. ರುದ್ರೇಶ ನಕ್ಕ.

"ಅತ್ತಿಗೆ, ಬೋಲ್ಟ್ ಲೂಸ್ ಬಿಟ್ಟು ಎದ್ ಬಂದಿದ್ರೆ ನಮ್ ಫೋರ್‌ಮನ್ ಗ್ರಹಚಾರ ಬಿಡಿಸ್ತಿದ್ದ. ಮೂವತ್ತು ವರ್ಷ ಟೈಟ್ ಮಾಡಿರೋ ಕೈ ಇದು."

ಆ ಕೈ ಪಳಗಿದ್ದು ಕಬ್ಬಿಣದಲ್ಲಿ. ನನ್ನ ಮೇಜು ಮರದ ಪುಡಿ ಒತ್ತಿ ಮಾಡಿದ್ದು. ಯಾರಿಗೆ ಹೇಳೋಣ? ಅವನು ಉಸಿರು ಬಿಗಿಹಿಡಿದು ತಿರುಗಿಸಿದ. ಇನ್ನೂ ಅರ್ಧ ಸುತ್ತು, ಇನ್ನೂ ಅರ್ಧ ಸುತ್ತು ಅಂತ ಯಜಮಾನರು ಪಕ್ಕದಲ್ಲಿ ನಿಂತು ಹುರಿದುಂಬಿಸಿದರು. ಎಲ್ಲ ಮುಗಿಸಿ ಡ್ರಾಯರ್ ಕೂರಿಸಲು ಹೋದರೆ, ಕಂಬಿಗಳು ಹೊರಗಡೆ! ಎಡದ ಹಲಗೆ ಬಲಕ್ಕೆ ಹೋಗಿತ್ತು, ಬಲದ್ದು ಎಡಕ್ಕೆ. (ಎಡ ಬಲ ಅಂತ ಹಲಗೆಗೆ ಅಂಟಿಸಿದ್ದ ಚೀಟಿಗಳನ್ನು ಯಜಮಾನರು ಮೊದಲೇ ಕೆರೆದು ತೆಗೆದಿದ್ದರು. ನೀಟಾಗಿ ಕಾಣಬೇಕಲ್ಲ?)

ಬಿಚ್ಚಿ ಅಂದೆ. ಒಂದು ಸ್ಕ್ರೂ ಬಿಚ್ಚಿದ್ದಕ್ಕೇ ಜೊತೆಯಲ್ಲಿ ಪುಡಿಯೂ ಉದುರಿತು. ತೂತು ಹಿಗ್ಗಿ ಸ್ಕ್ರೂ ಮತ್ತೆ ಹಿಡಿಯಲಿಲ್ಲ. ಉಳಿದವನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗೇ ನಿಲ್ಲಿಸಿದರು. ಡ್ರಾಯರ್ ಈಗ ಅಡುಗೆಮನೆಯಲ್ಲಿದೆ, ಈರುಳ್ಳಿ ಹಾಕಿದ್ದೇನೆ.

ಸರಿ, ಡ್ರಾಯರ್ ಹೋದರೆ ಹೋಗಲಿ ಅಂತ ಕೂತು ಎರಡು ಪದ ಬರೆದೆ. ಮೇಜು ಗಡಗಡ ಅಲ್ಲಾಡಿತು. ರುದ್ರೇಶ ಬಗ್ಗಿ ನೋಡಿ, ನಿಮ್ಮ ಮನೆ ಟೈಲ್ಸೇ ಸರಿ ಕೂತಿಲ್ಲ ಅಂದ. (ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಕಟ್ಟಿದವರು ಅದನ್ನು ಯಾಕೆ ಹೆಂಗಸಿನ ತಲೆಗೆ ಕಟ್ಟಿದರೋ!)

ನಿಜ ಹೇಳುತ್ತೇನೆ, ಅಳು ಬಂತು. ಇಷ್ಟು ವರ್ಷಕ್ಕೆ ನನ್ನದು ಅಂತ ಒಂದೇ ಒಂದು ಮೇಜು. ಒಂದು ಹಾಳೆ ನೋಡಿದರೆ ಇವರ ಗಂಟೇನು ಹೋಗುತ್ತದೆ? ದಾರಿ ಕೇಳುವುದಿಲ್ಲ, ಮಾತ್ರೆ ಜೊತೆಗೆ ಬರುವ ಚೀಟಿ ಓದುವುದಿಲ್ಲ. ಕೂತು ಬರೆದವರಿಗೂ ಏನೋ ಗೊತ್ತಿರಬಹುದು ಅಂತ ಒಂದು ಸಣ್ಣ ಅನುಮಾನವೂ ಬರುವುದಿಲ್ಲವೇ?

ಯಜಮಾನರಿಗೆ ನನ್ನ ಮುಖ ಕಂಡಿತು. ಇಷ್ಟಕ್ಕೆಲ್ಲ ಮುಖ ಊದಿಸ್ಕೋತಾರಾ ಮಾರಾಯ್ತಿ ಅನ್ನುತ್ತಾ, ಕೈಗೆ ಸಿಕ್ಕ ಪೇಪರನ್ನು ಎಂಟು ಮಡಿಕೆ ಮಾಡಿ ಕಾಲಿನಡಿ ತುರುಕಿದರು. ಮೇಜು ನಿಂತಿತು. ನಾನು ಬಗ್ಗಿ ನೋಡಿದೆ. ಕಳೆದ ವಾರದ ಪುರವಣಿ. ಮೇಲಿನ ಮಡಿಕೆಯಲ್ಲಿ ನನ್ನದೇ ಅಂಕಣ, ನನ್ನದೇ ಅರ್ಧ ಫೋಟೋ.

ಮಡಿಸುವ ಮುಂಚೆ ಒಂದು ಸಲವಾದರೂ ಓದಿದ್ರಾ ಅಂತ ಕೇಳಿದೆ.

"ಅದನ್ನೂ ಓದ್ಬೇಕಿತ್ತಾ?" ಅಂದರು.