ಬೀಗಿತ್ತಿಯನ್ನು ಜರೆದ ಹಾಡು

ಅಕ್ಕನ ಮಗಳ ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ, ಗಂಡಸಿ ಊರಿಂದ ಬಂದಿದ್ದ ನಮ್ಮ ದೊಡ್ಡಮ್ಮ ವಾಡಿಕೆಯಂತೆ ಬೀಗಿತ್ತಿಯನ್ನು ಜರೆಯುವ ಹಾಡು ಎತ್ತಿದರು. ಅರಸೀಕೆರೆಯ ಆ ಛತ್ರದಲ್ಲಿ ಆರ್ಕೆಸ್ಟ್ರಾದವರ ಅಬ್ಬರಕ್ಕೆ ಪಕ್ಕದಲ್ಲಿದ್ದ ನನಗಲ್ಲದೆ ಯಾರಿಗೂ ಕೇಳಿಸಲಿಲ್ಲ. ಇಂಥ ಹಾಡು ಬಲ್ಲವರು ನಮ್ಮ ಕಡೆ ಇನ್ನು ಒಬ್ಬಿಬ್ಬರು ಉಳಿದಿದ್ದರೆ ಹೆಚ್ಚು. ಮದುವೆ ಮುಗಿದ ಮೇಲೆ ದೊಡ್ಡಮ್ಮನನ್ನು ಕೂರಿಸಿಕೊಂಡು, ಹೇಳಿಸಿ, ಟೈಪ್ ಮಾಡಿ, ಎರಡೂ ಮನೆಯವರಿರುವ ವಾಟ್ಸಾಪ್ ಗುಂಪಿಗೆ ಹಾಕಿದೆ. ಘನಕಾರ್ಯ ಮಾಡಿದೆನೆಂಬ ಹೆಮ್ಮೆ ಬೇರೆ.

ಬೀಗಿತ್ತಿ ಬರುತಾಳೆ ಬೆಣ್ಣೆಯ ಮಾತಾಡಿ
ಬಾಗಿಲಲೆ ತಡೆದು ಕೇಳಿರೆ – ಮಡಿಲಾಗೆ
ಹೋಳಿಗೆ ಎಷ್ಟು ಕದ್ದಾಳೆ

ಹಳೇಬೀಡಿನ ಬೀಗಿತ್ತಿ, ಹುಡುಗನ ತಾಯಿ, ಅದನ್ನು ಓದಿದರು. ಗೌರಿ ಹಬ್ಬಕ್ಕೆ ಮಗಳನ್ನು ಕರೆಯಲು ಅಕ್ಕ ಫೋನ್ ಮಾಡಿದಾಗ, "ಕಳ್ಳಿ ಮನೆಯಿಂದ ಯಾಕ್ ಕರ್ಕೊಂಡ್ ಹೋಗ್ತೀರಿ, ಇಲ್ಲೇ ಇರ್ಲಿ ಬಿಡಿ" ಎಂದರಂತೆ. ಮದುವೆಯಾದ ಮೊದಲ ಗೌರಿಗೇ ಹುಡುಗಿ ತವರಿಗೆ ಬಾರದಿದ್ದರೆ ಹೇಗೆ? ಅಕ್ಕ ನನ್ನ ಜೊತೆ ಮಾತು ಬಿಟ್ಟಳು.

ದೊಡ್ಡಮ್ಮ ಬೈಯಲಿಲ್ಲ. "ಹಾಡಿದ್ರೆ ಅವ್ರೂ ತಿರುಗ್ಸಿ ಹಾಡ್ತಿದ್ರು ಕಣೇ. ಬರ್ದು ಕಳಿಸಿದ್ರೆ ಏನ್ ಮಾಡ್ಬೇಕು? ನಡಿ, ಹೋಗ್ ಬರಾನ" ಎಂದು ಸೀರೆ ಬದಲಿಸಿದರು.

ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಕೂತೆ. ಹಾಡು ಉಳಿಸುವ ಆತುರದಲ್ಲಿ ನಾನು ಹಾಡುವ ಕ್ರಮವನ್ನೇ ಬಿಟ್ಟಿದ್ದೆ. ಬೈಸಿಕೊಂಡವರೂ ಎದುರಿಗೇ ತಿರುಗಿಸಿ ಬೈದು, ಎಲೆ ಎತ್ತುವ ಹೊತ್ತಿಗೆ ನಕ್ಕು ಮುಗಿಸುವ ಜಗಳ ಅದು. ಗುಂಪಿನಲ್ಲಿ ಹಾಕಿದ್ದು ಬರೀ ಬೈಗುಳ.

ಹಳೇಬೀಡಿನಲ್ಲಿ ಬೀಗಿತ್ತಿ ನೀರು ಕೊಟ್ಟರು, ನಗಲಿಲ್ಲ. ದೊಡ್ಡಮ್ಮ ಸೋಫಾದಲ್ಲಿ ಕೂತವರೇ ಅದೇ ಹಾಡನ್ನು ಗಟ್ಟಿಯಾಗಿ ಹಾಡಿಬಿಟ್ಟರು. ಬೀಗಿತ್ತಿ ಕೊನೆಯವರೆಗೂ ಕೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಡುಗೆಮನೆ ಬಾಗಿಲಿಗೊರಗಿ ಎತ್ತಿದರು:

ಗಂಡಸಿ ಬೀಗಿತ್ತಿ ಗಂಟಲೇ ಊರಗಲ
ಉಂಡೆಲೆಯ ಬಿಟ್ಟು ಏಳಳು – ಅವಳ್ಹಿಂದೆ
ಮಂಡೇಲಿ ಫೋನಿಟ್ಟ ಮಗಳೊಬ್ಳು

ದೊಡ್ಡಮ್ಮ ತೊಡೆ ತಟ್ಟಿಕೊಂಡು ನಕ್ಕರು. ಬೀಗಿತ್ತಿಗೂ ನಗು ತಡೆಯಲಾಗಲಿಲ್ಲ.

"ಕೊನೇ ಸಾಲು ಈಗ ಕಟ್ಟಿದ್ದು. ಮಿಕ್ಕಿದ್ದು ಛತ್ರದಲ್ಲಿ ಹಾಡಾನ ಅಂತ ನಮ್ಮವ್ವನ್ನ ಕೇಳಿ ಕಲ್ತಿದ್ದೆ" ಎಂದರು ಕಣ್ಣೊರೆಸಿಕೊಳ್ಳುತ್ತ. "ಅಲ್ಲಿ ನೀವ್ಯಾರೂ ನನ್ನ ಬೈಯ್ಲೇ ಇಲ್ಲ. ನಾವು ಬೀಗರು ಅಂತಲೇ ಲೆಕ್ಕಕ್ಕಿಲ್ವೇನೋ ಅಂತ ಸುಮ್ನೆ ಉಂಡು ಎದ್ದೆ."

ನಾನು ಫೋನ್ ತೆಗೆದು, ಅವರ ಹಾಡನ್ನು ದೊಡ್ಡಮ್ಮನ ಹಾಡಿನ ಕೆಳಗೇ ಬರೆದುಕೊಳ್ಳತೊಡಗಿದೆ. ಬೀಗಿತ್ತಿ ಸೊಸೆಯ ಕಡೆ ತಿರುಗಿದರು.

"ಏನೇ ನೋಡ್ತಾ ನಿಂತೆ? ಬಟ್ಟೆ ತುಂಬ್ಕೋ, ಬಸ್ಸಿಗೆ ಹೊತ್ತಾಯ್ತದೆ."